ವಿಶ್ಲೇಷಣೆ: ವಿಮಾನ ನಿಲ್ದಾಣ ಭೋಗಾಪುರಕ್ಕೆ, ಗಾಜುವಾಕದವರು ಹೋಗುವುದು ಹೇಗೆ? ಬೆಂಗಳೂರು ಕಲಿಸಿದ ಪಾಠವೇನು?

ವಿಶಾಖಪಟ್ಟಣದ ಕೈಗಾರಿಕಾ ಉಪನಗರ ಗಾಜುವಾಕದ ನಿವಾಸಿಗೆ ಇವತ್ತು ವಿಮಾನ ನಿಲ್ದಾಣ ಎಂದರೆ ಪಕ್ಕದ ಬೀದಿ ಇದ್ದಂತೆ. ಶೀಲಾನಗರ ದಾಟಿದರೆ ನಿಲ್ದಾಣ. ಅಂತರ ಏಳೆಂಟು ಕಿ.ಮೀ. ಮಾತ್ರ. ಆಟೋದಲ್ಲಿ ಹೋಗಬಹುದು, ಮಗ ಬೈಕಿನಲ್ಲಿ ಬಿಟ್ಟು ಬರಬಹುದು. ಲಗೇಜು ಕಡಿಮೆ ಇದ್ದರೆ ಹೆದ್ದಾರಿಗೆ ಬಂದು ಸಿಟಿ ಬಸ್ಸನ್ನೋ ಶೇರ್ ಆಟೋವನ್ನೋ ಹಿಡಿದು ಮನೆ ಸೇರಬಹುದು.

ಈ ಅನುಕೂಲಕ್ಕೆ ಈಗ ತೆರೆ ಬೀಳುವ ಕಾಲ ಬಂದಿದೆ. ವಿಜಯನಗರಂ ಜಿಲ್ಲೆಯ ಭೋಗಾಪುರದಲ್ಲಿ ಜಿಎಂಆರ್ ಸಮೂಹ ನಿರ್ಮಿಸುತ್ತಿರುವ ಅಲ್ಲೂರಿ ಸೀತಾರಾಮರಾಜು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ 2026ರ ಜನವರಿಯಲ್ಲಿ ಪರೀಕ್ಷಾರ್ಥ ವಿಮಾನ ಬಂದಿಳಿಯಿತು. 2026ರ ಮಧ್ಯಭಾಗದಲ್ಲಿ ಪ್ರಯಾಣಿಕರ ವಿಮಾನ ಹಾರಾಟ ಆರಂಭಿಸುವುದು ಸರ್ಕಾರ ಹಾಕಿಕೊಂಡ ಗುರಿ. ಅದರೊಂದಿಗೆ ನಾಗರಿಕ ವಿಮಾನ ಸಂಚಾರ ನಗರದೊಳಗಿನ ಹಳೆಯ ನಿಲ್ದಾಣದಿಂದ ಅಲ್ಲಿಗೆ ಸ್ಥಳಾಂತರವಾಗುತ್ತದೆ.

ಭೋಗಾಪುರ ವಿಶಾಖಪಟ್ಟಣದ ನಗರ ಕೇಂದ್ರದಿಂದ ಸುಮಾರು 45 ಕಿ.ಮೀ. ದೂರದಲ್ಲಿ, ಉತ್ತರ ದಿಕ್ಕಿಗಿದೆ. ಗಾಜುವಾಕ ಇರುವುದು ನಗರದ ದಕ್ಷಿಣ ತುದಿಯಲ್ಲಿ. ಅಂದರೆ ಗಾಜುವಾಕದವರ ಪಾಲಿಗೆ ವಿಮಾನ ನಿಲ್ದಾಣ ಏಳೆಂಟು ಕಿ.ಮೀ.ನಿಂದ ಒಮ್ಮೆಲೇ ಸುಮಾರು 60 ಕಿ.ಮೀ. ದೂರಕ್ಕೆ ಜಿಗಿಯುತ್ತದೆ. ಅದೂ ಇಡೀ ನಗರವನ್ನು ಸೀಳಿಕೊಂಡು ಹೋಗಬೇಕಾದ ದೂರ.

ಕನ್ನಡಿಗರಿಗೆ ಈ ಕತೆ ಹೊಸದೇನಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಪ್ರಯಾಣಿಕರ ವಿಮಾನಗಳಿಗೆ ಬಾಗಿಲು ಮುಚ್ಚಿ, ದೇವನಹಳ್ಳಿಯ ನಿಲ್ದಾಣ ಬಾಗಿಲು ತೆರೆದಾಗ ಹೀಗೇ ಆಗಿತ್ತು. ಆಗ ಎದ್ದ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಆ ಅನುಭವದ ಕನ್ನಡಿಯಲ್ಲಿ ವಿಶಾಖಪಟ್ಟಣವನ್ನು ನೋಡಿದರೆ, ವಿಮಾನ ನಿಲ್ದಾಣ ಕಟ್ಟುವುದಕ್ಕಿಂತ ಅಲ್ಲಿಗೆ ಹೋಗುವ ದಾರಿ ಕಟ್ಟುವುದೇ ಕಷ್ಟ ಎಂಬುದು ಸ್ಪಷ್ಟವಾಗುತ್ತದೆ.

ನಿಲ್ದಾಣ ಊರು ಬಿಡುವುದೇಕೆ?

ವಿಶಾಖಪಟ್ಟಣದ ಈಗಿನ ನಿಲ್ದಾಣ ನೌಕಾಪಡೆಯ ‘ಐಎನ್‌ಎಸ್ ಡೇಗಾ’ ವಾಯುನೆಲೆಯ ಭಾಗ. ರನ್‌ವೇ ನೌಕಾಪಡೆಯದ್ದು. ನಾಗರಿಕ ವಿಮಾನಗಳು ಅಲ್ಲಿ ಒಂದು ರೀತಿಯಲ್ಲಿ ಅತಿಥಿಗಳು. ರಕ್ಷಣಾ ಅಗತ್ಯಗಳಿಗೆ ಮೊದಲ ಆದ್ಯತೆ ಇರುವುದರಿಂದ ವಿಮಾನಗಳ ಸಮಯ ಹೊಂದಿಸುವುದು ಕಷ್ಟ. ರನ್‌ವೇ ದುರಸ್ತಿಗೆಂದು 2023ರ ನವೆಂಬರ್‌ನಿಂದ ಕೆಲವು ತಿಂಗಳು ರಾತ್ರಿ ವಿಮಾನ ಸಂಚಾರವನ್ನೇ ನಿಲ್ಲಿಸಬೇಕಾಯಿತು. ನೌಕಾಪಡೆಯ ಪೂರ್ವ ಕಮಾಂಡ್‌ನ ಕೇಂದ್ರ ಸ್ಥಾನವಾದ ಊರಿನಲ್ಲಿ ಈ ಮಿತಿ ಸಹಜ.

ಜಾಗದ ಕೊರತೆ ಇನ್ನೊಂದು ಕಾರಣ. ಸುತ್ತ ಬೆಟ್ಟ, ಬಂದರು, ಕಾರ್ಖಾನೆ, ಜನವಸತಿ ಇರುವಲ್ಲಿ ನಿಲ್ದಾಣ ಬೆಳೆಯಲು ಎಡೆ ಇಲ್ಲ. 2014ರ ಅಕ್ಟೋಬರ್ 12ರಂದು ಅಪ್ಪಳಿಸಿದ ಹುದ್‌ಹುದ್ ಚಂಡಮಾರುತ ಟರ್ಮಿನಲ್ ಕಟ್ಟಡವನ್ನು ಹಾಳುಗೆಡವಿ, ಕೆಲವು ದಿನ ವಿಮಾನ ಸಂಚಾರ ಸ್ಥಗಿತಗೊಂಡಿತ್ತು. ಹೊಸ ನಿಲ್ದಾಣದ ಬೇಡಿಕೆ ಆ ಬಳಿಕ ಇನ್ನಷ್ಟು ಬಲಗೊಂಡಿತು.

ಭೋಗಾಪುರದಲ್ಲಿ 3.8 ಕಿ.ಮೀ. ಉದ್ದದ ರನ್‌ವೇ ಇದೆ. ಮೊದಲ ಹಂತದಲ್ಲಿ ವರ್ಷಕ್ಕೆ 60 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ ಅದರದ್ದು. ಯೋಜನೆ ಸಾಗಿಬಂದ ಹಾದಿಯೂ ದೀರ್ಘವೇ. 2019ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಶಂಕುಸ್ಥಾಪನೆ ಮಾಡಿದ್ದರು. ಸರ್ಕಾರ ಬದಲಾದ ಮೇಲೆ 2023ರ ಮೇ 3ರಂದು ಆಗಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ್ ರೆಡ್ಡಿ ಮತ್ತೊಮ್ಮೆ ಶಂಕುಸ್ಥಾಪನೆ ಮಾಡಿದರು. ಈಗ ಮತ್ತೆ ನಾಯ್ಡು ಅಧಿಕಾರದಲ್ಲಿದ್ದಾರೆ. ಶ್ರೀಕಾಕುಳಂ ಸಂಸದ ಕಿಂಜರಾಪು ರಾಮ್‌ಮೋಹನ್ ನಾಯ್ಡು ಕೇಂದ್ರದ ವಿಮಾನಯಾನ ಸಚಿವರಾದ ಮೇಲೆ ಕಾಮಗಾರಿಗೆ ವೇಗ ಸಿಕ್ಕಿತು.

ಹಾಗಾಗಿ ಹೊಸ ನಿಲ್ದಾಣ ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ. ಅಲ್ಲಿಗೆ ಜನ ಹೇಗೆ ಹೋಗಬೇಕು, ಎಷ್ಟು ಹಣ ತೆರಬೇಕು, ಎಷ್ಟು ಹೊತ್ತು ಕಳೆಯಬೇಕು ಎಂಬುದೇ ಇನ್ನು ಮುಂದಿನ ಪ್ರಶ್ನೆ.

ದೂರ ಎಲ್ಲರಿಗೂ ಒಂದೇ ಅಲ್ಲ

ನಿಲ್ದಾಣ ಸ್ಥಳಾಂತರವಾದಾಗ ನಗರದ ಎಲ್ಲರಿಗೂ ಸಮಾನ ತೊಂದರೆಯಾಗುವುದಿಲ್ಲ. ಕೆಲವರಿಗೆ ಲಾಭ, ಕೆಲವರಿಗೆ ನಷ್ಟ.

ವಿಶಾಖಪಟ್ಟಣದ ಐಟಿ ಚಟುವಟಿಕೆ ಇರುವುದು ಉತ್ತರದ ಮಧುರವಾಡ, ಋಷಿಕೊಂಡ, ಕಾಪುಲುಪ್ಪಾಡ ಭಾಗದಲ್ಲಿ. ದೊಡ್ಡ ದೊಡ್ಡ ಕಂಪನಿಗಳ ಹೊಸ ಹೂಡಿಕೆಯೂ ಹೆಚ್ಚಾಗಿ ಆ ಕಡೆಗೇ ಹರಿಯುತ್ತಿದೆ. ಅವರಿಗೆ ಭೋಗಾಪುರ ಹತ್ತಿರದ ಊರು. ವಿಜಯನಗರಂ ಮತ್ತು ಶ್ರೀಕಾಕುಳಂ ಜಿಲ್ಲೆಗಳ ಜನರಿಗೂ ನಿಲ್ದಾಣ ಈಗಿಗಿಂತ ಹತ್ತಿರವಾಗುತ್ತದೆ. ಹಿಂದುಳಿದ ಉತ್ತರಾಂಧ್ರಕ್ಕೆ ಇದು ನ್ಯಾಯವೇ.

ದಕ್ಷಿಣದ ಚಿತ್ರ ಬೇರೆ. ವಿಶಾಖಪಟ್ಟಣ ಉಕ್ಕು ಕಾರ್ಖಾನೆ, ಗಂಗಾವರಂ ಬಂದರು, ಆಟೋನಗರ, ದುವ್ವಾಡದ ವಿಶೇಷ ಆರ್ಥಿಕ ವಲಯ, ಪರವಾಡದ ಫಾರ್ಮಾ ಸಿಟಿ, ಅಚ್ಯುತಾಪುರಂನ ಕೈಗಾರಿಕಾ ವಲಯ ಎಲ್ಲವೂ ಗಾಜುವಾಕದ ಸುತ್ತಮುತ್ತ ಅಥವಾ ಅದರಿಂದಾಚೆ ಇವೆ. 2005ರಲ್ಲಿ ಮಹಾ ವಿಶಾಖ ನಗರ ಪಾಲಿಕೆಗೆ ಸೇರಿದ ಗಾಜುವಾಕ ದೇಶದ ನಾನಾ ರಾಜ್ಯಗಳಿಂದ ಬಂದವರ ಊರು. ಉಕ್ಕು ಕಾರ್ಖಾನೆ ಮತ್ತು ನೌಕಾಪಡೆಯ ಸಂಸ್ಥೆಗಳಲ್ಲಿ ದುಡಿಯುವ ಹೊರ ರಾಜ್ಯದವರಿಗೆ ಊರಿಗೆ ಹೋಗಿ ಬರಲು ರೈಲೋ ವಿಮಾನವೋ ಬೇಕೇ ಬೇಕು.

ರೈಲಿನ ವಿಷಯದಲ್ಲಿ ಗಾಜುವಾಕ ಅದೃಷ್ಟಶಾಲಿ. ವಿಶಾಖಪಟ್ಟಣ ನಿಲ್ದಾಣದೊಳಗೆ ಹೋದ ರೈಲು ಎಂಜಿನ್ ದಿಕ್ಕು ಬದಲಿಸಿ ಹೊರಬರಬೇಕಾಗುವುದರಿಂದ, ಅದನ್ನು ತಪ್ಪಿಸಲು ಹಲವು ದೂರದ ರೈಲುಗಳು ಪಕ್ಕದ ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ಆದರೆ ವಿಮಾನದ ವಿಷಯದಲ್ಲಿ ಅದೇ ಗಾಜುವಾಕ ಇನ್ನು ಮುಂದೆ ಕೊನೆಯ ಊರು.

ಮೆಟ್ರೋ ಬರುತ್ತದೆ, ಆದರೆ ಎಲ್ಲಿಗೆ?

ಈ ಪ್ರಶ್ನೆಗೆ ಆಂಧ್ರ ಸರ್ಕಾರದ ಸಿದ್ಧ ಉತ್ತರ ಮೆಟ್ರೋ ರೈಲು. 2014ರ ಆಂಧ್ರಪ್ರದೇಶ ಪುನರ್‌ವಿಂಗಡಣಾ ಕಾಯ್ದೆಯಲ್ಲೇ ವಿಶಾಖಪಟ್ಟಣ ಮತ್ತು ವಿಜಯವಾಡಕ್ಕೆ ಮೆಟ್ರೋ ಸಾಧ್ಯತೆ ಪರಿಶೀಲಿಸುವ ಮಾತಿತ್ತು. ಹತ್ತು ವರ್ಷದ ಬಳಿಕ, ವಿಶಾಖಪಟ್ಟಣದ ಮೊದಲ ಹಂತಕ್ಕೆ ರಾಜ್ಯ ಸರ್ಕಾರ ಒಪ್ಪಿಗೆ ನೀಡಿತು. ಮೊದಲ ಹಂತದ ಉದ್ದ 46.23 ಕಿ.ಮೀ., ಅಂದಾಜು ವೆಚ್ಚ 11,498 ಕೋಟಿ ರೂ., ಮಾರ್ಗಗಳು ಮೂರು.

ಇವುಗಳಲ್ಲಿ ಅತಿ ಉದ್ದದ್ದು ಉಕ್ಕು ಕಾರ್ಖಾನೆ ದ್ವಾರದಿಂದ ಕೊಮ್ಮಾದಿಯವರೆಗಿನ ಸುಮಾರು 34 ಕಿ.ಮೀ. ಮಾರ್ಗ. ಇದು ಗಾಜುವಾಕದ ಮೂಲಕವೇ ಸಾಗುತ್ತದೆ. ಹೆದ್ದಾರಿಗುಂಟ ಬಂದು, ಈಗಿನ ವಿಮಾನ ನಿಲ್ದಾಣದ ಮುಂದೆ ಹಾದು, ಎನ್‌ಎಡಿ ಜಂಕ್ಷನ್ ದಾಟಿ ನಗರದ ಉತ್ತರಕ್ಕೆ ಹೋಗುತ್ತದೆ. ಕೆಲವು ಕಡೆ ಮೇಲೆ ಮೆಟ್ರೋ, ಅದರ ಕೆಳಗೆ ಮೇಲ್ಸೇತುವೆ ಇರುವ ಡಬಲ್ ಡೆಕ್ಕರ್ ಮಾದರಿಯ ಯೋಜನೆಯೂ ಇದೆ.

ಇಲ್ಲಿಯೇ ಇರುವುದು ವಿಪರ್ಯಾಸ. ಮೊದಲ ಹಂತದ ಮೆಟ್ರೋ ಹಳೆಯ ವಿಮಾನ ನಿಲ್ದಾಣದ ಎದುರು ಓಡಾಡುವ ಹೊತ್ತಿಗೆ ಅಲ್ಲಿಂದ ಪ್ರಯಾಣಿಕರ ವಿಮಾನಗಳು ಹೊರಟು ಹೋಗಿರುತ್ತವೆ. ಹೊಸ ನಿಲ್ದಾಣವನ್ನು ಮುಟ್ಟುವ ಕೊಮ್ಮಾದಿ–ಭೋಗಾಪುರ ನಡುವಿನ ಸುಮಾರು 30 ಕಿ.ಮೀ. ಮಾರ್ಗ ಇರುವುದು ಎರಡನೇ ಹಂತದಲ್ಲಿ. ಮೊದಲ ಹಂತವೇ ಇನ್ನೂ ಕಟ್ಟಬೇಕಿರುವಾಗ ಎರಡನೇ ಹಂತಕ್ಕೆ ದಿನ ಎಣಿಸಿ ಕೂರುವಂತಿಲ್ಲ.

ವಿಜಯವಾಡದ ಯೋಜನೆ ಇದಕ್ಕೆ ತದ್ವಿರುದ್ಧ. ಅಲ್ಲಿ ಗನ್ನವರಂ ನಿಲ್ದಾಣ ಊರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿದ್ದರೂ, ಪಂಡಿತ್ ನೆಹರೂ ಬಸ್ ನಿಲ್ದಾಣದಿಂದ ಗನ್ನವರಂವರೆಗಿನ ಮಾರ್ಗವನ್ನು ಮೊದಲ ಹಂತದಲ್ಲೇ ಸೇರಿಸಲಾಗಿದೆ. ನಗರದ ಅತಿ ದೊಡ್ಡ ಬಸ್ ನಿಲ್ದಾಣ ಮತ್ತು ವಿಮಾನ ನಿಲ್ದಾಣವನ್ನು ಒಂದೇ ಗೆರೆಯಲ್ಲಿ ಜೋಡಿಸುವ ಯೋಚನೆ ಅದು. ಅದು ಯಾವಾಗ ಓಡುತ್ತದೆ ಎಂಬುದು ಬೇರೆ ಮಾತು. ಕಾಗದದ ಮೇಲಾದರೂ ಆದ್ಯತೆ ಸರಿಯಾಗಿದೆ.

ಬೆಂಗಳೂರಿನಲ್ಲಿ ಏನಾಯಿತು?

ಮೆಟ್ರೋ ಬರುವವರೆಗೆ ಕಾಯಿರಿ ಎಂಬ ಮಾತಿಗೆ ಎಷ್ಟು ಬೆಲೆ ಎಂದು ತಿಳಿಯಲು ಬೆಂಗಳೂರಿನ ಇತಿಹಾಸ ಸಾಕು.

ದೇವನಹಳ್ಳಿ ನಿಲ್ದಾಣ 2008ರ ಮೇ 24ರಂದು ಆರಂಭವಾಯಿತು. ಮೆಜೆಸ್ಟಿಕ್‌ನಿಂದ ಅದಕ್ಕೆ ಸುಮಾರು 35 ಕಿ.ಮೀ. ದೂರ. ಎಚ್‌ಎಎಲ್ ನಿಲ್ದಾಣ ಮುಚ್ಚಬಾರದು ಎಂದು ಅಂದು ದೊಡ್ಡ ಕೂಗೆದ್ದಿತ್ತು, ವಿಷಯ ಹೈಕೋರ್ಟ್ ಮೆಟ್ಟಿಲೂ ಏರಿತ್ತು. ಒಪ್ಪಂದದಂತೆ 150 ಕಿ.ಮೀ. ಸುತ್ತಳತೆಯಲ್ಲಿ ಮತ್ತೊಂದು ನಿಲ್ದಾಣಕ್ಕೆ 25 ವರ್ಷ ಅವಕಾಶವಿರಲಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ ಇತ್ತು. ಕೊನೆಗೆ ಎಚ್‌ಎಎಲ್ ಮುಚ್ಚಿತು, ಜನ ದೇವನಹಳ್ಳಿ ದಾರಿ ಹಿಡಿದರು.

ಆಗ ನೆರವಿಗೆ ಬಂದಿದ್ದು ಬಸ್. ಬಿಎಂಟಿಸಿಯ ‘ವಾಯು ವಜ್ರ’ ವೋಲ್ವೋ ಬಸ್‌ಗಳು ನಗರದ ಬೇರೆ ಬೇರೆ ದಿಕ್ಕುಗಳಿಗೆ ಓಡತೊಡಗಿದವು. ಮೆಜೆಸ್ಟಿಕ್, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿ ಎಂದು ಹೊರಡುವ ಈ ಬಸ್‌ಗಳು ಇಂದಿಗೂ ದೇವನಹಳ್ಳಿ ಪ್ರಯಾಣಿಕರ ಆಸರೆ. ಮುಂದೆ ಕೆಎಸ್‌ಆರ್‌ಟಿಸಿಯ ‘ಫ್ಲೈಬಸ್’ ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಹೊರಟಿತು. ಹತ್ತಾರು ಸಾವಿರ ಕೋಟಿಯ ಯೋಜನೆಗಳೆಲ್ಲ ಕಡತದಲ್ಲಿದ್ದಾಗ ಜನರನ್ನು ಹೊತ್ತು ಸಾಗಿದ್ದು ಬಸ್ಸೇ.

ರಸ್ತೆಯ ಕಾಮಗಾರಿಯೂ ನಡೆಯಿತು. ಹೆಬ್ಬಾಳದಿಂದಾಚೆ ಬಳ್ಳಾರಿ ರಸ್ತೆಯಲ್ಲಿ ಎತ್ತರಿಸಿದ ಎಕ್ಸ್‌ಪ್ರೆಸ್‌ವೇ ಬಂತು, ಜೊತೆಗೆ ಸಾದಹಳ್ಳಿಯ ಟೋಲ್ ಕೂಡ ಬಂತು. ಆದರೆ ಹೆಬ್ಬಾಳದ ಈಚೆಗಿನ ದಟ್ಟಣೆ ಕರಗಲಿಲ್ಲ. ನಿಲ್ದಾಣದ ತುದಿಯಲ್ಲಿ ರಸ್ತೆ ಅಗಲವಾಯಿತು, ನಗರದ ತುದಿಯಲ್ಲಿ ಕುತ್ತಿಗೆ ಹಿಸುಕಿದಂತೇ ಉಳಿಯಿತು.

ಮೆಟ್ರೋ? ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಅಲ್ಲಿಂದ ವಿಮಾನ ನಿಲ್ದಾಣದವರೆಗಿನ ಸುಮಾರು 58 ಕಿ.ಮೀ. ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ವೆಚ್ಚ 14,788 ಕೋಟಿ ರೂ. ನಿಲ್ದಾಣ ಆರಂಭವಾಗಿ 13 ವರ್ಷಗಳಾದ ಮೇಲೆ ಒಪ್ಪಿಗೆ! 2025 ಮುಗಿದರೂ ನಿಲ್ದಾಣಕ್ಕೆ ಮೆಟ್ರೋ ತಲುಪಲಿಲ್ಲ. ಅಷ್ಟರಲ್ಲಿ ನಿಲ್ದಾಣಕ್ಕೆ ಎರಡನೇ ಟರ್ಮಿನಲ್ ಬಂತು, 2024–25ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು.

ರೈಲಿನ ಪ್ರಯತ್ನವೂ ನಡೆಯಿತು. 2021ರ ಜನವರಿಯಲ್ಲಿ ನಿಲ್ದಾಣದ ಸಮೀಪ ಒಂದು ಹಾಲ್ಟ್ ಸ್ಟೇಷನ್ ಆರಂಭವಾಯಿತು. ಟಿಕೆಟ್ ದರ ಕಾಫಿಯ ದರಕ್ಕಿಂತ ಕಡಿಮೆ. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು, ಅವುಗಳ ಸಮಯಕ್ಕೂ ವಿಮಾನದ ಸಮಯಕ್ಕೂ ಹೊಂದಾಣಿಕೆ ಇಲ್ಲ, ಇಳಿದ ಮೇಲೆ ಟರ್ಮಿನಲ್‌ಗೆ ಮತ್ತೊಂದು ಬಸ್. ಅಗ್ಗದ ರೈಲು ಇದ್ದರೂ ಪ್ರಯಾಣಿಕರು ಹತ್ತಲಿಲ್ಲ. ದರವೊಂದೇ ಪ್ರಯಾಣಿಕರ ಆಯ್ಕೆಯನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೈದರಾಬಾದ್‌ನ ಕತೆಯೂ ಹತ್ತಿರದ್ದೇ. ಬೇಗಂಪೇಟೆಯಿಂದ ಶಂಷಾಬಾದ್‌ಗೆ ನಿಲ್ದಾಣ ಹೋಗಿದ್ದು 2008ರ ಮಾರ್ಚ್‌ನಲ್ಲಿ. ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗಿನ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ 2009ರ ಅಕ್ಟೋಬರ್‌ನಲ್ಲೇ ತೆರೆದಿದ್ದರಿಂದ ಅಲ್ಲಿನವರ ಕಷ್ಟ ಬೇಗ ಕಡಿಮೆಯಾಯಿತು. ಅಲ್ಲಿಯೂ ಮೆಟ್ರೋ ಇನ್ನೂ ನಿಲ್ದಾಣ ಮುಟ್ಟಿಲ್ಲ. ‘ಪುಷ್ಪಕ್’ ಬಸ್‌ಗಳೇ ಸಾರ್ವಜನಿಕ ಸಾರಿಗೆ.

ದೆಹಲಿಯ ಅನುಭವ ಮತ್ತೊಂದು ಬಗೆ. ಅಲ್ಲಿ 2011ರ ಫೆಬ್ರವರಿಯಲ್ಲೇ ನಿಲ್ದಾಣಕ್ಕೆ ಪ್ರತ್ಯೇಕ ಎಕ್ಸ್‌ಪ್ರೆಸ್ ಮೆಟ್ರೋ ಬಂತು. ಆದರೆ ತಾಂತ್ರಿಕ ದೋಷಗಳಿಂದ 2012ರ ಜುಲೈನಲ್ಲಿ ಸಂಚಾರ ನಿಂತಿತು. ಮತ್ತೆ ಶುರುವಾಗಿ ಕೆಲವೇ ತಿಂಗಳಲ್ಲಿ ಖಾಸಗಿ ಕಂಪನಿ ಕೈಬಿಟ್ಟಿತು, 2013ರ ಜುಲೈನಿಂದ ದೆಹಲಿ ಮೆಟ್ರೋ ನಿಗಮವೇ ಅದನ್ನು ನಡೆಸುತ್ತಿದೆ. ಹಳಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ನಡೆಸುವವರೂ ಗಟ್ಟಿ ಇರಬೇಕು.

ಪ್ರಯಾಣಿಕ ಹೇಗೆ ಲೆಕ್ಕ ಹಾಕುತ್ತಾನೆ?

ವಿಮಾನ ನಿಲ್ದಾಣದಿಂದ ಊರೊಳಗೆ ಬರುವವನ ಮುಂದೆ ಸಾಮಾನ್ಯವಾಗಿ ನಾಲ್ಕು ಆಯ್ಕೆ: ಆ್ಯಪ್ ಟ್ಯಾಕ್ಸಿ, ಪ್ರೀಪೇಯ್ಡ್ ಟ್ಯಾಕ್ಸಿ, ಬಸ್, ರೈಲು ಅಥವಾ ಮೆಟ್ರೋ. ಮನೆಯವರು ಕಾರು ತಂದರೆ ಅದು ಐದನೆಯದು. ಹೋಲಿಸುವಾಗ ಹೆಚ್ಚಿನವರು ಟಿಕೆಟ್ ದರವನ್ನಷ್ಟೇ ನೋಡುತ್ತಾರೆ. ನಿಜವಾದ ವೆಚ್ಚ ಅದಕ್ಕಿಂತ ದೊಡ್ಡದು. ಕಾಯುವ ಸಮಯ, ಪ್ರಯಾಣದ ಸಮಯ, ಕೊನೆಯ ಎರಡು ಕಿ.ಮೀ.ನ ಆಟೋ, ಟೋಲ್, ಲಗೇಜು ಎತ್ತಿಳಿಸುವ ಶ್ರಮ, ಎಲ್ಲಕ್ಕಿಂತ ಹೆಚ್ಚಾಗಿ ತಡವಾದೀತೇನೋ ಎಂಬ ಭಯ, ಎಲ್ಲವೂ ಸೇರಬೇಕು.

ಒಂದು ಅಂದಾಜು ನೋಡೋಣ. ಟ್ಯಾಕ್ಸಿಗೆ ಕಿ.ಮೀ.ಗೆ 20 ರೂ. ಎಂದಿಟ್ಟುಕೊಂಡರೆ, ಗಾಜುವಾಕದವರು ಈಗಿನ ನಿಲ್ದಾಣಕ್ಕೆ ಕೊಡಬೇಕಾದದ್ದು ಸುಮಾರು 160 ರೂ. ಭೋಗಾಪುರಕ್ಕಾದರೆ ಅದು 1,200 ರೂ. ಹೋಗಿ ಬರಲು 2,400 ರೂ. ಟೋಲ್ ಬೇರೆ. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಆ್ಯಪ್ ಕಂಪನಿಗಳು ಮೂಲ ದರದ ಎರಡು ಪಟ್ಟಿನವರೆಗೆ ಪಡೆಯಲು ಕೇಂದ್ರದ 2025ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಮೊದಲೇ ಕಾಯ್ದಿರಿಸಿದ ಬೆಂಗಳೂರು–ವಿಶಾಖಪಟ್ಟಣ ವಿಮಾನದ ಟಿಕೆಟ್‌ಗೆ ಹತ್ತಿರ ಹತ್ತಿರ ಬರುವ ಹಣ ನೆಲದ ಮೇಲಿನ ಪ್ರಯಾಣಕ್ಕೇ ಹೋಗಬಹುದು.

ನಾಲ್ಕು ಜನರ ಕುಟುಂಬ, ನಾಲ್ಕು ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಯೇ ಲಾಭ. ಒಬ್ಬರ ಪಾಲಿಗೆ 300 ರೂ. ಬೀಳುತ್ತದೆ, ಮನೆ ಬಾಗಿಲಿಗೆ ಇಳಿಯಬಹುದು. ಒಬ್ಬನೇ ಬರುವ ಉಕ್ಕು ಕಾರ್ಖಾನೆಯ ಉದ್ಯೋಗಿಗೆ, ವಿದ್ಯಾರ್ಥಿಗೆ, ಕೆಲಸದ ಸಂದರ್ಶನಕ್ಕೆ ಬಂದ ಯುವತಿಗೆ 1,200 ರೂ. ದೊಡ್ಡ ಮೊತ್ತ. ಅವರಿಗೆ ಬಸ್ ಬೇಕು. ನಡುರಾತ್ರಿ ಇಳಿಯುವ ಒಂಟಿ ಮಹಿಳೆಗೆ ಹಣಕ್ಕಿಂತ ಸುರಕ್ಷತೆ ಮುಖ್ಯ. ಆಕೆಗೆ ದೀಪವಿರುವ ಬಸ್ ಬೇ, ದರಪಟ್ಟಿ ತೂಗುಹಾಕಿದ ಪ್ರೀಪೇಯ್ಡ್ ಕೌಂಟರ್, ಎರಡೂ ಬೇಕು.

ಸಮಯದ ಲೆಕ್ಕ ಇನ್ನೂ ಕಠಿಣ. ಬೆಳಗ್ಗೆ ಆರು ಗಂಟೆಯ ವಿಮಾನಕ್ಕೆ ನಾಲ್ಕೂವರೆಗಾದರೂ ನಿಲ್ದಾಣದಲ್ಲಿರಬೇಕು. ಗಾಜುವಾಕದಿಂದ ಮೂರು ಗಂಟೆಗೇ ಹೊರಡಬೇಕು. ಆ ಹೊತ್ತಿನಲ್ಲಿ ದೇಶದ ಯಾವ ನಗರದ ಮೆಟ್ರೋವೂ ಓಡುವುದಿಲ್ಲ. ಹಾಗಾಗಿ ಮುಂದೊಂದು ದಿನ ಭೋಗಾಪುರಕ್ಕೆ ಮೆಟ್ರೋ ಬಂದರೂ ಮೊದಲ ವಿಮಾನ ಮತ್ತು ಕೊನೆಯ ವಿಮಾನದವರಿಗೆ ರಾತ್ರಿ ಬಸ್ ಇರಲೇಬೇಕು. ಮೆಟ್ರೋ ಬಂದರೆ ಬಸ್ ಬೇಡ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ದಿನವೂ ಹೋಗಿ ಬರುವವರು ಯಾರು?

ವಿಮಾನ ನಿಲ್ದಾಣದ ಸಾರಿಗೆ ಎಂದಾಗ ಸೂಟ್‌ಕೇಸ್ ಎಳೆಯುವ ಪ್ರಯಾಣಿಕನ ಚಿತ್ರವೇ ಕಣ್ಮುಂದೆ ಬರುತ್ತದೆ. ಆತ ವರ್ಷಕ್ಕೆ ಎರಡು ಬಾರಿಯೋ ನಾಲ್ಕು ಬಾರಿಯೋ ಹೋಗುವವನು. ಆದರೆ ನಿಲ್ದಾಣಕ್ಕೆ ದಿನವೂ ಹೋಗಿ ಬರುವವರು ಬೇರೆ ಇದ್ದಾರೆ. ಶುಚಿತ್ವ ಸಿಬ್ಬಂದಿ, ಲಗೇಜು ಹೊರುವವರು, ಭದ್ರತಾ ಸಿಬ್ಬಂದಿ, ಅಂಗಡಿ–ಹೋಟೆಲ್‌ಗಳ ನೌಕರರು, ಟಿಕೆಟ್ ಕೌಂಟರ್‌ನ ಯುವಕ ಯುವತಿಯರು. ಇವರಲ್ಲಿ ಅನೇಕರು ಮೂರು ಪಾಳಿಯಲ್ಲಿ ದುಡಿಯುವವರು.

ಹಳೆಯ ನಿಲ್ದಾಣದಲ್ಲಿ ದುಡಿಯುತ್ತಿದ್ದವರಲ್ಲಿ ಸುತ್ತಮುತ್ತಲಿನ ಬಡಾವಣೆಯವರು ಕೆಲಸ ಉಳಿಸಿಕೊಳ್ಳಬೇಕಾದರೆ ದಿನಕ್ಕೆ ನೂರು ಕಿ.ಮೀ.ಗೂ ಹೆಚ್ಚು ಓಡಾಡಬೇಕು, ಇಲ್ಲವೇ ಮನೆ ಬದಲಿಸಬೇಕು. ನಿಲ್ದಾಣದ ಮುಂದಿನ ಆಟೋ ಮತ್ತು ಟ್ಯಾಕ್ಸಿ ಚಾಲಕರ ಕತೆಯೂ ಅಷ್ಟೆ. ಎಚ್‌ಎಎಲ್ ಮುಚ್ಚಿದಾಗ ಮುರುಗೇಶಪಾಳ್ಯ, ಕೋನೇನ ಅಗ್ರಹಾರದ ಸುತ್ತಲಿನವರು ಎದುರಿಸಿದ ಪರಿಸ್ಥಿತಿ ಇದೇ.

ಇಲ್ಲೊಂದು ಸೂಕ್ಷ್ಮವೂ ಇದೆ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಯೋಜನೆಯಡಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಇದೆ. ಕರ್ನಾಟಕದ ‘ಶಕ್ತಿ’ ಯೋಜನೆಯ ಹಾಗೆ ಇದೂ ಕೆಲವು ದರ್ಜೆಯ ಬಸ್‌ಗಳಿಗೆ ಮಾತ್ರ ಸೀಮಿತ. ಬೆಂಗಳೂರಿನ ವಾಯು ವಜ್ರ ಬಸ್‌ಗೆ ‘ಶಕ್ತಿ’ ಅನ್ವಯಿಸುವುದಿಲ್ಲ. ಭೋಗಾಪುರಕ್ಕೆ ಎಸಿ ಬಸ್‌ಗಳನ್ನಷ್ಟೇ ಬಿಟ್ಟರೆ ನಿಲ್ದಾಣದಲ್ಲಿ ನೆಲ ಒರೆಸುವ ಮಹಿಳೆ ಸಂಬಳದ ದೊಡ್ಡ ಪಾಲನ್ನು ಟಿಕೆಟ್‌ಗೆ ಸುರಿಯಬೇಕಾಗುತ್ತದೆ. ಎಸಿ ಬಸ್ ಜೊತೆಗೆ ಸಾಮಾನ್ಯ ಬಸ್ಸೂ ಟರ್ಮಿನಲ್ ಬಾಗಿಲಿನವರೆಗೆ ಹೋಗುವಂತಿರಬೇಕು.

ಗಾಜುವಾಕಕ್ಕೆ ಯಾವ ದಾರಿ?

ಗಾಜುವಾಕದಿಂದ ಭೋಗಾಪುರಕ್ಕೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದು ನಗರದೊಳಗಿನ ಹೆದ್ದಾರಿ: ಎನ್‌ಎಡಿ, ಮದ್ದಿಲಪಾಲೆಂ, ಹನುಮಂತವಾಕ, ಮಧುರವಾಡ, ಆನಂದಪುರಂ, ತಗರಪುವಲಸ ದಾಟಿ ಭೋಗಾಪುರ. ಸಿಗ್ನಲ್ ಮೇಲೆ ಸಿಗ್ನಲ್. ಬಂದರಿನ ಲಾರಿಗಳು, ಶೇರ್ ಆಟೋಗಳು, ಶಾಲಾ ಬಸ್‌ಗಳು ಎಲ್ಲವೂ ಇದೇ ರಸ್ತೆಯಲ್ಲಿ. ಇದರ ಮೇಲೇ ಮುಂದೆ ಮೆಟ್ರೋ ಕಾಮಗಾರಿಯೂ ಶುರುವಾದರೆ ದಟ್ಟಣೆ ಹಲವು ವರ್ಷ ಇನ್ನಷ್ಟು ಬಿಗಡಾಯಿಸುತ್ತದೆ. ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿ ಕಂಡ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಎರಡನೆಯದು ಬೈಪಾಸ್. ಅನಕಾಪಲ್ಲಿಯಿಂದ ಸಬ್ಬವರಂ, ಪೆಂದುರ್ತಿ ಮೂಲಕ ಆನಂದಪುರಂ ಸೇರುವ ಸುಮಾರು 50 ಕಿ.ಮೀ.ನ ಆರು ಪಥದ ಹೆದ್ದಾರಿ ಈಗಾಗಲೇ ಬಳಕೆಯಲ್ಲಿದೆ. ನಗರವನ್ನು ಮುಟ್ಟದೆ ಉತ್ತರಕ್ಕೆ ಹೋಗಲು ಇದೇ ದಾರಿ. ಗಾಜುವಾಕದ ಪಕ್ಕದ ಶೀಲಾನಗರದಿಂದ ಸಬ್ಬವರಂ ಬಳಿ ಈ ಬೈಪಾಸ್ ಸೇರುವ ಹೊಸ ಆರು ಪಥದ ರಸ್ತೆಯ ಯೋಜನೆ ಇದೆ. ಮುಖ್ಯವಾಗಿ ಬಂದರಿನ ಲಾರಿಗಳಿಗೆಂದು ರೂಪಿಸಿದ ಈ ರಸ್ತೆ ದಕ್ಷಿಣ ಭಾಗದ ವಿಮಾನ ಪ್ರಯಾಣಿಕರಿಗೂ ವರವಾಗಬಹುದು.

ದೂರದಲ್ಲಿ ದೊಡ್ಡ ಉಳಿತಾಯವಿಲ್ಲ. ಆದರೆ ಬೈಪಾಸ್‌ನಲ್ಲಿ ಪ್ರಯಾಣದ ಸಮಯ ಇಷ್ಟೇ ಎಂದು ಧೈರ್ಯವಾಗಿ ಹೇಳಬಹುದು. ವಿಮಾನ ಹಿಡಿಯುವವನಿಗೆ ಬೇಕಿರುವುದು ಅದೇ. ಕೆಲವು ದಿನ ಒಂದೂಕಾಲು ಗಂಟೆ, ಕೆಲವು ದಿನ ಎರಡೂವರೆ ಗಂಟೆ ಹಿಡಿಯುವ ದಾರಿಗಿಂತ ಪ್ರತಿದಿನವೂ ಒಂದೂವರೆ ಗಂಟೆ ಹಿಡಿಯುವ ದಾರಿ ಮೇಲು. ಮೊದಲನೆಯದರಲ್ಲಿ ಪ್ರತಿ ಸಲವೂ ಎರಡೂವರೆ ಗಂಟೆ ಮುಂಚೆಯೇ ಹೊರಡಬೇಕಾಗುತ್ತದೆ.

ಆದ್ದರಿಂದ ಗಾಜುವಾಕ ಮತ್ತು ಕೂರ್ಮನ್ನಪಾಲೆಂ ಭಾಗದಿಂದ ನಗರದೊಳಗೆ ಹೋಗದೆ ಬೈಪಾಸ್ ಮೂಲಕ ನೇರವಾಗಿ ಭೋಗಾಪುರಕ್ಕೆ ಓಡುವ ಬಸ್ ಮಾರ್ಗವನ್ನು ನಿಲ್ದಾಣ ತೆರೆಯುವ ದಿನದಿಂದಲೇ ಶುರು ಮಾಡುವುದು ಎಪಿಎಸ್‌ಆರ್‌ಟಿಸಿಗೆ ಸಾಧ್ಯವಿರುವ ಕೆಲಸ. ಇದಕ್ಕೆ ಹೊಸ ಹಳಿ ಬೇಡ, ಹೊಸ ಭೂಸ್ವಾಧೀನ ಬೇಡ. ದುವ್ವಾಡ ರೈಲು ನಿಲ್ದಾಣವನ್ನೂ ಈ ಮಾರ್ಗಕ್ಕೆ ಸೇರಿಸಿದರೆ ರೈಲಿನಿಂದ ಇಳಿದು ವಿಮಾನ ಹಿಡಿಯುವವರಿಗೂ ಅನುಕೂಲ.

ಇನ್ನೊಂದು ತುದಿಯಲ್ಲಿ ವಿಜಯನಗರಂ ರೈಲು ನಿಲ್ದಾಣ ಇದೆ. ಚೆನ್ನೈ–ಹೌರಾ ಮುಖ್ಯ ಮಾರ್ಗದ ಈ ನಿಲ್ದಾಣ ಭೋಗಾಪುರಕ್ಕೆ ನಗರ ಕೇಂದ್ರಕ್ಕಿಂತ ಹತ್ತಿರ. ಅಲ್ಲಿಂದ ರೈಲಿನ ಸಮಯಕ್ಕೆ ಹೊಂದಿಸಿದ ಬಸ್ ಓಡಿಸಿದರೆ, ದಕ್ಷಿಣದವರೂ ದುವ್ವಾಡದಲ್ಲಿ ರೈಲು ಹತ್ತಿ ನಗರದ ದಟ್ಟಣೆಯನ್ನು ತಪ್ಪಿಸಬಹುದು. ಆದರೆ ದೇವನಹಳ್ಳಿ ಹಾಲ್ಟ್ ಸ್ಟೇಷನ್‌ನ ತಪ್ಪು ಇಲ್ಲಿ ಮರುಕಳಿಸಬಾರದು. ರೈಲು ಮತ್ತು ಬಸ್ಸಿನ ಸಮಯ ಒಂದಕ್ಕೊಂದು ಕೂಡಿಬರದಿದ್ದರೆ ಯಾರೂ ಹತ್ತುವುದಿಲ್ಲ.

ಬಾಗಿಲಿನಲ್ಲೇ ಇರುವ ತೀರ್ಮಾನ

ಬಸ್ ಓಡಿಸಿದರೆ ಸಾಲದು, ಅದು ಎಲ್ಲಿ ನಿಲ್ಲುತ್ತದೆ ಎಂಬುದೂ ಮುಖ್ಯ. ಆಗಮನ ದ್ವಾರದಿಂದ ಹೊರಬಂದ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಟ್ಯಾಕ್ಸಿ ಕೌಂಟರ್ ಆದರೆ ಆತ ಟ್ಯಾಕ್ಸಿಯನ್ನೇ ಹಿಡಿಯುತ್ತಾನೆ. ಬಸ್ ಹಿಡಿಯಲು ಪಾರ್ಕಿಂಗ್ ದಾಟಿ ಅರ್ಧ ಕಿ.ಮೀ. ಸೂಟ್‌ಕೇಸ್ ಎಳೆಯಬೇಕಾದರೆ ಬಸ್ ಖಾಲಿ ಓಡುತ್ತದೆ. ಆಮೇಲೆ ಜನ ಬರುವುದಿಲ್ಲ ಎಂಬ ಕಾರಣ ಕೊಟ್ಟು ಮಾರ್ಗವನ್ನೇ ರದ್ದು ಮಾಡುವುದು ಸುಲಭ.

ಖಾಸಗಿ ನಿರ್ವಹಣೆಯ ನಿಲ್ದಾಣಗಳಿಗೆ ಪಾರ್ಕಿಂಗ್ ಮತ್ತು ಟ್ಯಾಕ್ಸಿಗಳಿಂದ ಆದಾಯವಿದೆ. ಬಸ್ಸಿನಿಂದ ಅಂಥ ಆದಾಯವಿಲ್ಲ. ಹಾಗಾಗಿ ಬಾಗಿಲಿನ ಜಾಗವನ್ನು ಬಸ್ಸಿಗೆ ಬಿಟ್ಟುಕೊಡುವಂತೆ ಸರ್ಕಾರವೇ ಪಟ್ಟು ಹಿಡಿಯಬೇಕು. ಟ್ಯಾಕ್ಸಿ ದರದಲ್ಲೂ ಅಷ್ಟೆ. ಕರ್ನಾಟಕ ಸರ್ಕಾರ 2024ರಲ್ಲಿ ಆ್ಯಪ್ ಟ್ಯಾಕ್ಸಿಗಳಿಗೂ ಸಾಮಾನ್ಯ ಟ್ಯಾಕ್ಸಿಗಳಿಗೂ ಏಕರೂಪದ ದರ ಪ್ರಕಟಿಸಿತು. ಜಾರಿಯಲ್ಲಿ ಲೋಪಗಳಿದ್ದರೂ, ನ್ಯಾಯವಾದ ದರ ಎಷ್ಟು ಎಂದು ಪ್ರಯಾಣಿಕನಿಗೆ ತಿಳಿಯಲು ಅದು ಒಂದು ಅಳತೆಗೋಲು. ಭೋಗಾಪುರದಿಂದ ಗಾಜುವಾಕ, ದ್ವಾರಕಾ ಬಸ್ ನಿಲ್ದಾಣ, ವಿಜಯನಗರಂ, ಶ್ರೀಕಾಕುಳಂಗೆ ಎಷ್ಟು ಎಂಬ ಫಲಕ ಮೊದಲ ದಿನವೇ ಬೀಳಬೇಕು.

ಕರ್ನಾಟಕಕ್ಕೆ ಏಕೆ ಮುಖ್ಯ?

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಎಲ್ಲಿ ಎಂಬ ಚರ್ಚೆ ಈಗ ಕಾವೇರಿದೆ. ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗವನ್ನು ರಾಜ್ಯ ಸರ್ಕಾರ ಸೂಚಿಸಿದ್ದು, 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಪರಿಶೀಲಿಸಿತು. ಯಾವ ನಾಯಕರ ಕ್ಷೇತ್ರಕ್ಕೆ ನಿಲ್ದಾಣ ಸಿಗುತ್ತದೆ, ಎಲ್ಲಿ ಜಮೀನಿನ ಬೆಲೆ ಏರುತ್ತದೆ ಎಂಬ ಮಾತೇ ಹೆಚ್ಚು. ಅಲ್ಲಿಗೆ ಮೊದಲ ದಿನ ಯಾವ ಬಸ್, ಯಾವ ರೈಲು ಹೋಗುತ್ತದೆ ಎಂಬ ಮಾತು ಕಡಿಮೆ.

ಭೋಗಾಪುರ ಇಲ್ಲಿ ಎಚ್ಚರಿಕೆಯ ಗಂಟೆ. ಎಂಟು ಕಿ.ಮೀ. ಅರವತ್ತಾಗುವುದನ್ನು ಗಾಜುವಾಕದವರು ತಡೆಯಲಾರರು. ಆದರೆ ಆ ಅರವತ್ತು ಕಿ.ಮೀ. ಸಂಬಳದ ಎಷ್ಟು ಪಾಲು ತಿನ್ನುತ್ತದೆ, ರಾತ್ರಿಯ ಎಷ್ಟು ನಿದ್ದೆ ಕದಿಯುತ್ತದೆ ಎಂಬುದನ್ನು ಸರ್ಕಾರ ನಿರ್ಧರಿಸಬಲ್ಲದು. ಬೆಂಗಳೂರು ಮೆಟ್ರೋಗಾಗಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕಾದಿದೆ. ಆ ಕಾಯುವಿಕೆಯನ್ನು ಸಹಿಸುವಂತೆ ಮಾಡಿದ್ದು ಮೊದಲ ದಿನಗಳಿಂದ ಓಡಿದ ಬಸ್‌ಗಳು. ವಿಶಾಖಪಟ್ಟಣ ಕನಿಷ್ಠ ಅಷ್ಟನ್ನಾದರೂ ಮೊದಲ ವಿಮಾನ ಇಳಿಯುವ ಮುನ್ನವೇ ಸಿದ್ಧ ಮಾಡಿಕೊಳ್ಳಬೇಕು.